ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ಗೆಳೆಯರೇ, ಕಾವಲುಗಾರ ನಿದ್ದೆ ಹೋದರೆ ಗೊರಕೆಯಾದರೂ ಕೇಳಿಸುತ್ತದೆ. ಕಂಪ್ಯೂಟರ್ ಜಾಲ ಕಾಯುವ ತಂತ್ರಾಂಶ ಕಣ್ಣು ಮುಚ್ಚಿದರೆ ಅದೂ ಇಲ್ಲ! ಪರದೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಎಚ್ಚರಿಕೆಗಳ ಲೆಕ್ಕದಲ್ಲಿ ಸೊನ್ನೆ. ಮೇಲಿನವರು "ಎಲ್ಲ ಕ್ಷೇಮ" ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಊರೂರಿನ ಕಂಪೆನಿಗಳ ಜಾಲ ಕಾಯುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. ಕಳ್ಳತನ ಬಯಲಾದ ದಿನ ಮೊದಲು ಕೇಳುವ ಪ್ರಶ್ನೆ ಒಂದೇ: "ಆ ರಾತ್ರಿ ಕುರ್ಚಿಯಲ್ಲಿ ಯಾರಿದ್ದರು?"

ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸಮೂಹದ ಕಥೆ ನೆನಪಿದೆಯೇ? 2013ರ ಕೊನೆಯಲ್ಲಿ ಅಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದು ಹೋಯಿತು. ನವೆಂಬರ್ 30ರಂದೇ ಬೆಂಗಳೂರಿನಲ್ಲಿ ಕೂತಿದ್ದ ತಂಡ ಎಚ್ಚರಿಕೆಯನ್ನು ನೋಡಿ ಮಿನಿಯಾಪೊಲಿಸ್‌ನ ಕಚೇರಿಗೆ ತಿಳಿಸಿತ್ತು, ಅಲ್ಲಿಯವರು ಅಲುಗಾಡಲಿಲ್ಲ ಎಂದು 2014ರಲ್ಲಿ ಅಲ್ಲಿನ ಪತ್ರಿಕೆಗಳೇ ಬರೆದವು. ಅಲ್ಲಿ ಗಂಟೆಯಾದರೂ ಬಾರಿಸಿತ್ತು, ನಮ್ಮವರು ಕೂಗಿಯೂ ಹೇಳಿದ್ದರು. ನಾನು ಹೇಳಹೊರಟಿರುವುದು ಗಂಟೆಯೇ ಬಾರಿಸದ ರೋಗದ ವಿಷಯ. ಅದರ ಹೆಸರು ಮೆಮೊರಿ ಮಿತಿ.

ಸುರಿಕಾಟಾ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳಿ. 2010ರಲ್ಲಿ ಮೊದಲ ಆವೃತ್ತಿ ಬಂತು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಬರಹವನ್ನೂ ಓದಬಹುದು. ಜಾಲದಲ್ಲಿ ಹರಿಯುವ ಮಾಹಿತಿಯ ಒಂದು ನಕಲನ್ನು ಇದಕ್ಕೆ ಉಣಿಸುತ್ತಾರೆ. ಆದರೆ ಮಾಹಿತಿ ಇಡಿಯಾಗಿ ಬರುವುದಿಲ್ಲ, ಚೂರು ಚೂರಾಗಿ ಬರುತ್ತದೆ, ಕೆಲವೊಮ್ಮೆ ಹಿಂದುಮುಂದಾಗಿ ಬರುತ್ತದೆ. ಪ್ರೆಸ್ಸಿನಲ್ಲಿ ಪುಸ್ತಕದ ಫಾರಂಗಳನ್ನು ಪುಟದ ಅನುಕ್ರಮಕ್ಕೆ ಜೋಡಿಸುವ ಕೆಲಸ ಕಂಡವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲ ಫಾರಂ ಕೈಗೆ ಬರುವ ತನಕ ಬಂದಷ್ಟನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯಬೇಕು. ಮೇಜು ಚಿಕ್ಕದಾದರೆ? ಹೊಸ ಕಟ್ಟು ಇಡಲು ಜಾಗವಿಲ್ಲ.

ಈ ಮೇಜಿನ ಅಳತೆಗೇ ಮೆಮ್‌ಕ್ಯಾಪ್ ಎನ್ನುತ್ತಾರೆ. ಸುರಿಕಾಟಾ ಜೊತೆಗೆ ಬರುವ ಸೆಟ್ಟಿಂಗ್ ಕಡತದಲ್ಲಿ ಯಾರ ಯಾರ ನಡುವೆ ಮಾತು ನಡೆದಿದೆ ಎಂಬ ಪಟ್ಟಿಗೆ 128 ಎಂಬಿ, ಟಿಸಿಪಿ ಸಂಪರ್ಕಗಳ ಲೆಕ್ಕಕ್ಕೆ 64 ಎಂಬಿ, ಚೂರುಗಳನ್ನು ಜೋಡಿಸಲು 256 ಎಂಬಿ ಎಂದು ಬರೆದಿರುತ್ತದೆ. ಸಣ್ಣ ಕಚೇರಿಗೆ ಸಾಕು. ಸಾವಿರಾರು ಜನ ಕೆಲಸ ಮಾಡುವ ಜಾಲದ ಮುಂದೆ ಇದನ್ನೇ ಹಾಗೇ ಬಿಟ್ಟರೆ ಏನು ಗತಿ? ಮಿತಿ ಮುಟ್ಟಿದಾಗ ತಂತ್ರಾಂಶ ಸಾಯುವುದಿಲ್ಲ ಗೆಳೆಯರೇ, ಅದೇ ಮೋಸ! ಹೊಸ ಸಂಪರ್ಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತದೆ, ಚೂರುಗಳನ್ನು ಜೋಡಿಸದೆ ಬಿಡುತ್ತದೆ. ಜೋಡಿಸಿದ ಮೇಲೆ ಮಾತ್ರ ಕಾಣುವ ಕಳ್ಳತನ ಆಗ ಕಾಣುವುದೇ ಇಲ್ಲ. ಬಿಟ್ಟದ್ದಕ್ಕೆಲ್ಲ ಒಂದು ಮೂಲೆಯ ಸ್ಟ್ಯಾಟ್ಸ್ ಲಾಗ್‌ನಲ್ಲಿ ಗೆರೆ ಎಳೆದುಕೊಳ್ಳುತ್ತದೆ. ಆ ಮೂಲೆಗೆ ಹೋಗಿ ನೋಡುವವರು ಯಾರು?

ಹೇಗೋ ಒಂದು ದಿನ ಯಾರೋ ನೋಡುತ್ತಾರೆ ಅನ್ನಿ. ಆಗ ಮಾಡುವ ಮದ್ದು ಎಲ್ಲ ಕಡೆ ಒಂದೇ: ಅಂಕಿ ಹೆಚ್ಚಿಸು! 64 ಇದ್ದದ್ದನ್ನು 4 ಜಿಬಿ ಮಾಡು, 256 ಇದ್ದದ್ದನ್ನು 16 ಜಿಬಿ ಮಾಡು, ಹೊಸ ರ‍್ಯಾಮ್‌ಗೆ ಬಿಲ್ಲು ಹಾಕು. ನನ್ನ ಜಗಳ ಇರುವುದು ಈ ಚಾಳಿಯ ಜೊತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಏಕೆಂದರೆ ಮೆಮೊರಿ ದೋಷ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಮೊದಲನೆಯದು ತಂತ್ರಾಂಶ ತನಗೆ ತಾನೇ ಹಾಕಿಕೊಂಡ ಮಿತಿ, ಅಂದರೆ ಮೆಮ್‌ಕ್ಯಾಪ್. ಎರಡನೆಯದು ಯಂತ್ರದ ಮಿತಿ. ಲಿನಕ್ಸ್‌ನಲ್ಲಿ ಮೆಮೊರಿ ಪೂರ್ತಿ ಬರಿದಾದರೆ ಕರ್ನೆಲ್ ಯಾವುದಾದರೊಂದು ಪ್ರಕ್ರಿಯೆಯನ್ನು ಆರಿಸಿ ಕೊಂದುಹಾಕುತ್ತದೆ. ಅತಿ ಹೆಚ್ಚು ಮೆಮೊರಿ ತಿನ್ನುತ್ತಿರುವವನ ಮೇಲೇ ಸಾಮಾನ್ಯವಾಗಿ ಅದರ ಕಣ್ಣು. ಅಂದರೆ ಕಾವಲುಗಾರನ ಮೇಲೇ! ಕಂಟೈನರಿನೊಳಗೆ ಓಡಿಸುತ್ತಿದ್ದರಂತೂ ಯಂತ್ರದಲ್ಲಿ ಜಾಗವಿದ್ದರೂ ಕಂಟೈನರಿನ ಮಿತಿ ಮೀರಿದೊಡನೆ ಅದೇ ಗತಿ. ಇಂಥ ಕಡೆ ಮೆಮ್‌ಕ್ಯಾಪ್ ಏರಿಸಿದವನು ಅರೆಗುರುಡ ಕಾವಲುಗಾರನನ್ನು ಹೆಣ ಮಾಡಿದ ಹಾಗೆ. ಗುರುತಿಸುವುದು ಕಷ್ಟವಲ್ಲ. ತಂತ್ರಾಂಶ ಓಡುತ್ತಿದ್ದು ಸ್ಟ್ಯಾಟ್ಸ್ ಲಾಗ್‌ನಲ್ಲಿ ಮೆಮ್‌ಕ್ಯಾಪ್ ಡ್ರಾಪ್ ಲೆಕ್ಕ ಏರುತ್ತಿದ್ದರೆ ಮೊದಲನೆಯ ರೋಗ. ತಂತ್ರಾಂಶವೇ ಸತ್ತು ಕರ್ನೆಲ್ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂಬ ಸಾಲು ಬಿದ್ದಿದ್ದರೆ ಎರಡನೆಯದು.

ಇಲ್ಲೊಂದು ತಮಾಷೆ ಇದೆ. ದಿನಾ ಒಂದೇ ಹೊತ್ತಿಗೆ, ಜಾಲದಲ್ಲಿ ನರಪಿಳ್ಳೆಯೂ ಇಲ್ಲದ ಸಮಯದಲ್ಲಿ ಕಾವಲುಗಾರ ಸಾಯುತ್ತಾನೆ. ಜನ ದೆವ್ವ ಹಿಡಿದ ಹಾಗೆ ಹುಡುಕುತ್ತಾರೆ. ನಿಯಮಗಳನ್ನು ನವೀಕರಿಸುವ ಹೊತ್ತು ಯಾವುದು ನೋಡಿ! ಓಡುತ್ತಿರುವಾಗಲೇ ಹೊಸ ನಿಯಮ ಏರಿಸಿದರೆ ಹೊಸದು ಸಿದ್ಧವಾಗುವ ತನಕ ಹಳೆಯದೂ ಮೆಮೊರಿಯಲ್ಲೇ ಇರುತ್ತದೆ. ಆ ಸ್ವಲ್ಪ ಹೊತ್ತು ನಿಯಮಗಳ ಹೊರೆ ಸುಮಾರು ಎರಡರಷ್ಟು. ಈ ಹೊರೆ ಯಾವ ಮೆಮ್‌ಕ್ಯಾಪ್ ಲೆಕ್ಕಕ್ಕೂ ಸೇರುವುದಿಲ್ಲ. ಬೇಡದ ನಿಯಮಗಳನ್ನು ತೆಗೆದರೆ ಮುಗಿಯಿತು. ತಮ್ಮಲ್ಲಿ ಇಲ್ಲವೇ ಇಲ್ಲದ ಸರ್ವರುಗಳಿಗೂ ಸಾವಿರಗಟ್ಟಲೆ ನಿಯಮ ಹೊತ್ತುಕೊಂಡು ತಿರುಗುವುದು ಯಾವ ಪುರುಷಾರ್ಥಕ್ಕೆ?

ಮೊದಲನೆಯ ರೋಗಕ್ಕೂ ಅಂಕಿ ಏರಿಸುವ ಮುನ್ನ ಮೇಜು ತುಂಬಿದ್ದು ಏಕೆ ಎಂದು ಕೇಳಬೇಕು. ನಕಲು ಉಣಿಸುವ ಸ್ವಿಚ್ಚಿನಲ್ಲಿ ಒಂದು ದಿಕ್ಕಿನ ಮಾತು ಮಾತ್ರ ಬರುತ್ತಿದೆಯೇ? ಹಾಗಿದ್ದರೆ ಚೂರುಗಳು "ತಲುಪಿತು" ಎಂಬ ಇನ್ನೊಂದು ಬದಿಯ ಉತ್ತರಕ್ಕಾಗಿ ಮೇಜಿನ ಮೇಲೆ ಕಾಯುತ್ತಲೇ ಇರುತ್ತವೆ, ಆ ಉತ್ತರ ಬರುವುದೇ ಇಲ್ಲ. ಮೇಜನ್ನು ಮೈದಾನದಷ್ಟು ಮಾಡಿದರೂ ತುಂಬುತ್ತದೆ! ಸರಿ ಮಾಡಬೇಕಾದದ್ದು ಸ್ವಿಚ್ಚು, ರ‍್ಯಾಮ್ ಅಲ್ಲ. ಇನ್ನು ಕೆಲವರು ಒಂದು ಸಂಪರ್ಕದಲ್ಲಿ ಎಷ್ಟು ಆಳಕ್ಕೆ ನೋಡಬೇಕು ಎಂಬ 1 ಎಂಬಿ ಮಿತಿಯನ್ನು 0 ಮಾಡಿ ಜಾಣರಾಗುತ್ತಾರೆ. ಸೊನ್ನೆ ಎಂದರೆ ಇಲ್ಲಿ ಮಿತಿಯೇ ಇಲ್ಲ ಎಂದರ್ಥ. ಆಮೇಲೆ ರಾತ್ರಿಯ ಬ್ಯಾಕಪ್ಪು ಬಂದು ಇಡೀ ಮೇಜನ್ನು ನುಂಗಿ ಕೂರುತ್ತದೆ. ಯಾರೋ ಬಾಗಿಲು ಬಾಗಿಲನ್ನೂ ತಟ್ಟುತ್ತ ಸಾವಿರಾರು ಅರೆಬರೆ ಸಂಪರ್ಕ ಹುಟ್ಟಿಸುತ್ತಿದ್ದರೂ ಪಟ್ಟಿ ತುಂಬುತ್ತದೆ. ಆಗ ಮೆಮೊರಿ ದೋಷವೇ ಎಚ್ಚರಿಕೆಯ ಗಂಟೆ. ಅದನ್ನು ಹೊಸ ರ‍್ಯಾಮ್‌ನಲ್ಲಿ ಮುಚ್ಚಿಹಾಕಿದರೆ ಕಳ್ಳನಿಗೆ ಹಾಲುಖೀರು.

ಕಾವಲು ಕುರುಡಾದರೆ ಬೆಲೆ ಎಷ್ಟು ಎಂದು ಕೇಳುವವರಿಗೆ ಈಕ್ವಿಫ್ಯಾಕ್ಸ್ ಇದೆ. ಅಲ್ಲಿ ಕೆಟ್ಟದ್ದು ಮೆಮೊರಿ ಅಲ್ಲ, ಜಾಲ ನೋಡುವ ಸಾಧನದ ಪ್ರಮಾಣಪತ್ರದ ಅವಧಿ ಮುಗಿದು ತಿಂಗಳುಗಟ್ಟಲೆ ಆಗಿತ್ತು. ಫಲ ಒಂದೇ: ಸಾಧನ ಇತ್ತು, ನೋಟ ಇರಲಿಲ್ಲ. 2017ರ ಮೇ ತಿಂಗಳಿಂದ ಜುಲೈವರೆಗೆ 76 ದಿನ ಕಳ್ಳರು ಒಳಗಿದ್ದರು. ಜುಲೈ 29ರಂದು ಪ್ರಮಾಣಪತ್ರ ಬದಲಿಸಿದೊಡನೆ ಅನುಮಾನದ ಹರಿವು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು!

ಆದ್ದರಿಂದ ಪಾಳಿಯ ಗೆಳೆಯರೇ, ಎಷ್ಟು ಎಚ್ಚರಿಕೆ ಬಂತು ಎಂಬ ಲೆಕ್ಕದ ಪಕ್ಕದಲ್ಲೇ ಎಷ್ಟನ್ನು ನೋಡದೆ ಬಿಟ್ಟೆವು ಎಂಬ ಲೆಕ್ಕವನ್ನೂ ಗೋಡೆಯ ಪರದೆಗೆ ಹಾಕಿಸಿ. ಮೇಲಿನವರು ಗೊಣಗಿದರೆ ಗೊಣಗಲಿ, ಪಾಳಿ ಬಿಡುವ ಮುನ್ನ ಬರೆದು ಸಹಿ ಮಾಡಿ ಕೊಡಿ. ಟಿಸಿಪಿ ಸೆಗ್ಮೆಂಟ್ ಮೆಮ್‌ಕ್ಯಾಪ್ ಡ್ರಾಪ್, ಫ್ಲೋ ಮೆಮ್‌ಕ್ಯಾಪ್, ರೀಅಸೆಂಬ್ಲಿ ಗ್ಯಾಪ್, ಕರ್ನೆಲ್ ಡ್ರಾಪ್ಸ್, ಈ ನಾಲ್ಕು ಸಾಕು. ಸ್ಟ್ಯಾಟ್ಸ್ ಲಾಗ್ ಸಾಮಾನ್ಯವಾಗಿ 8 ಸೆಕೆಂಡಿಗೊಮ್ಮೆ ಬರೆಯುತ್ತದೆ. ಅಂಕಿಗಳು ಕೂಡುತ್ತಾ ಹೋಗುವುದರಿಂದ ಒಟ್ಟು ಎಷ್ಟು ಎಂದು ನೋಡಬೇಡಿ, ಕಳೆದ ಗಂಟೆಯಲ್ಲಿ ಎಷ್ಟು ಏರಿತು ಎಂದು ನೋಡಿ.

ಕಾರಣ ಹುಡುಕಿದ ಮೇಲೂ ಜಾಗ ಕಡಿಮೆಯೇ ಎಂದು ಖಚಿತವಾದರೆ ಧಾರಾಳವಾಗಿ ಏರಿಸಿ. ಎಲ್ಲ ಮೆಮ್‌ಕ್ಯಾಪ್‌ಗಳನ್ನು ಕೂಡಿ, ನಿಯಮಗಳ ದುಪ್ಪಟ್ಟು ಹೊರೆ ಸೇರಿಸಿ, ಒಟ್ಟು ಯಂತ್ರದ ರ‍್ಯಾಮ್‌ಗಿಂತ ಸಾಕಷ್ಟು ಕೆಳಗೆ ಇರಲಿ. ಫ್ಲೋ ಪಟ್ಟಿಯ ಹ್ಯಾಶ್ ಗಾತ್ರ ಹೆಚ್ಚಿಸಿ ಅದರ ಮೆಮ್‌ಕ್ಯಾಪ್ ಮರೆತರೆ ತಂತ್ರಾಂಶ ಏಳುವುದೇ ಇಲ್ಲ. ನಿಲ್ಲಿಸದೆ ಬದಲಿಸಬೇಕಾದರೆ ಸುರಿಕಾಟಾಎಸ್‌ಸಿಯಲ್ಲಿ ಮೆಮ್‌ಕ್ಯಾಪ್ ಸೆಟ್ ಎಂಬ ಆಜ್ಞೆ ಇದೆ. ಅದನ್ನು ಕೊಟ್ಟು ಮನೆಗೆ ಹೋಗಿಬಿಡಬೇಡಿ, ಸೆಟ್ಟಿಂಗ್ ಕಡತದಲ್ಲೂ ಬರೆಯಿರಿ. ಬರೆಯದಿದ್ದರೆ ಮುಂದಿನ ಸಲ ತಂತ್ರಾಂಶ ಮತ್ತೆ ಶುರುವಾದಾಗ ಹಳೆಯ ಅಂಕಿಯೇ ಬಂದು ಕೂತಿರುತ್ತದೆ.