ಬೇಣ ಹೋಯ್ತು, ಕೌಳಿಯನ್ನಾದ್ರೂ ಬೇಲಿಗೆ ತನ್ನಿ

ಮಳೆ ಹಿಡಿಯೋ ಹೊತ್ತು. ಎಲ್ಲರ ಮನೆಯಲ್ಲೂ ಸಸಿ ನೆಡೋ ತಯಾರಿ ನಡೀತಾ ಇದೆ. ಅಡಿಕೆ ಸಸಿ, ಮೆಣಸಿನ ಬಳ್ಳಿ, ಈಚೆಗೆ ರಂಬುಟಾನ್, ಡ್ರ್ಯಾಗನ್ ಹಣ್ಣು ಕೂಡ. ಇವುಗಳ ಜೊತೆ ಮನೆಗೆ ಹತ್ತಾದರೂ ಕೌಳಿ ಗಿಡ ನೆಡಿ ಅನ್ನೋದು ನನ್ನ ವಾದ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಮೊದಲು ಹೆಸರಿನ ವಿಷಯ. ನಾವು ಕೌಳಿ, ಕವಳಿ ಅನ್ನೋದನ್ನ ಘಟ್ಟದ ಕೆಳಗಿನವರು ಕರಂಡೆ ಅಂತಾರೆ. ಇಂಗ್ಲಿಷಲ್ಲಿ ಇದಕ್ಕೆ ಬೆಂಗಾಲ್ ಕರಂಟ್ ಅಂತಲೂ ಹೆಸರಿದೆ. ಆದ್ರೆ ನಿಜವಾದ ಕರಂಟಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಐಸ್‌ಕ್ರೀಮ್ ಅಂಗಡಿಯಲ್ಲಿ ಕೇಳೋ ಬ್ಲ್ಯಾಕ್ ಕರಂಟ್ ಯುರೋಪಿನ ಚಳಿ ಸೀಮೆಯ ಪೊದೆ. ವಾರಗಟ್ಟಲೆ ಕೊರೆಯೋ ಚಳಿ ಸಿಗದಿದ್ರೆ ಅದು ಸರಿಯಾಗಿ ಹೂ ಬಿಡೋದಿಲ್ಲ. ಇನ್ನು ಒಣ ಕರಂಟ್ ಅಂತ ಪೊಟ್ಟಣದಲ್ಲಿ ಬರೋದು ಸಣ್ಣ ಜಾತಿಯ ಒಣದ್ರಾಕ್ಷಿ. ಗ್ರೀಸಿನ ಕೊರಿಂತ್ ಊರಿನಿಂದ ಅದಕ್ಕೆ ಆ ಹೆಸರು ಬಂದದ್ದು. ನಮ್ಮ ಕೌಳಿ ಕಣಗಿಲೆಯ ಕುಟುಂಬದ್ದು. ಹಾಲಿನಂಥ ಸೊನೆ ಇರೋದು ಅದಕ್ಕೇ. ಹಾಗಾಗಿ ಯಾರಾದ್ರೂ ಕರಂಟ್ ಸಸಿ ಅಂತ ನಾಲ್ಕು ಕಾಸು ಜಾಸ್ತಿ ಕೇಳಿದ್ರೆ ಕೊಂಡುಕೊಳ್ಳೋ ಮೊದಲು ಎರಡು ಸಲ ಯೋಚನೆ ಮಾಡಿ.

ಈಗ ಮುಖ್ಯ ಮಾತು. ಕೌಳಿಯನ್ನ ನಮ್ಮ ಹಿರಿಯರು ಯಾರೂ ನೆಟ್ಟಿರಲಿಲ್ಲ, ನೆಡೋ ಅಗತ್ಯವೂ ಇರಲಿಲ್ಲ. ಬೇಣದಲ್ಲಿ, ಗುಡ್ಡದ ಅಂಚಲ್ಲಿ, ಜಂಬಿಟ್ಟಿಗೆ ನೆಲದಲ್ಲಿ ಅದರಷ್ಟಕ್ಕೆ ಅದು ಬೆಳೀತಿತ್ತು. ಹಕ್ಕಿ ತಿಂದು ಬೀಜ ಬಿತ್ತುತಿತ್ತು, ದನ ಕಾಯೋ ಮಕ್ಕಳು ಹಣ್ಣು ಹುಡುಕುತಿದ್ರು. ಈಗ ಬೇಣಕ್ಕೆ ಅಡಿಕೆ ಬಂತು. ಜೆಸಿಬಿ ಒಂದು ದಿನ ಓಡಾಡಿದ್ರೆ ಸಾಕು, ಐವತ್ತು ವರ್ಷದ ಕೌಳಿ ಮಟ್ಟಿ ಬುಡಸಮೇತ ಮೇಲೆ ಬರ್ತದೆ. ನಾನು ಅಡಿಕೆ ಹಾಕಬೇಡಿ ಅಂತ ಹೇಳ್ತಾ ಇಲ್ಲ, ನನ್ನದೂ ಅಡಿಕೆಯ ಮೇಲೇ ನಿಂತ ಸಂಸಾರ. ಆದ್ರೆ ದೊಡ್ಡ ಮರ ಕಡಿದ್ರೆ ಕೇಳೋದಕ್ಕೆ ಇಲಾಖೆ ಇದೆ, ಮುಳ್ಳಿನ ಮಟ್ಟಿ ಕಿತ್ತರೆ ಕೇಳೋರಿಲ್ಲ. ಕಾಡಲ್ಲಿ ಜಾಗ ಕಳಕೊಂಡ ಗಿಡಕ್ಕೆ ಉಳಿದಿರೋದು ನಮ್ಮ ಮನೆ ಹಿತ್ತಲು, ಬೇಲಿಸಾಲು ಮಾತ್ರ.

ಇದರಲ್ಲೊಂದು ತಮಾಷೆ ಇದೆ. ಬೇಕರಿಯ ಕೇಕಿನ ಮೇಲೆ, ಬನ್ನಿನ ಒಳಗೆ ಇರೋ ಕೆಂಪು ಚೆರ್ರಿ ಬಹಳ ಸಲ ಚೆರ್ರಿಯೇ ಅಲ್ಲ, ಇದೇ ಕೌಳಿಕಾಯಿ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಅದ್ದಿದ್ದು. ಬೇಣದಿಂದ ಕಿತ್ತು ಬೆಂಕಿಗೆ ಹಾಕಿದ ಗಿಡದ ಕಾಯನ್ನೇ ದುಡ್ಡು ಕೊಟ್ಟು ಮಕ್ಕಳಿಗೆ ತಿನ್ನಿಸ್ತಾ ಇದ್ದೇವೆ.

ಬೇಲಿಯ ಲೆಕ್ಕದಲ್ಲೂ ನೋಡಿ. ತಂತಿ ಬೇಲಿ ಹಾಕಿದ ದಿನದಿಂದ ಸವೀತಾ ಹೋಗ್ತದೆ. ನಮ್ಮ ಮಳೆಗೆ ತುಕ್ಕು ಹಿಡೀತದೆ, ಕಂಬ ಲಡ್ಡಾಗ್ತದೆ. ಕೌಳಿ ಬೇಲಿ ವರ್ಷ ಹೋದಷ್ಟೂ ದಪ್ಪ ಆಗ್ತದೆ. ಗಟ್ಟಿ ಮುಳ್ಳು, ಕವಲೊಡೆದು ಜೋಡಿ ಜೋಡಿಯಾಗಿ ಇರ್ತದೆ. ದನ ನುಗ್ಗೋದಿಲ್ಲ. ವರ್ಷವಿಡೀ ಹಸಿರು, ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ಹೂ, ಅದರ ಪರಿಮಳಕ್ಕೆ ಜೇನು ಬರ್ತದೆ. ಹಂದಿ ತಡೀತದಾ ಅಂತ ಕೇಳ್ತೀರಿ. ಎಳೆ ಬೇಲಿ ತಡೆಯೋದಿಲ್ಲ, ಬಲಿತು ಬುಡ ಹೆಣೆದುಕೊಂಡ ಮೇಲೆ ಸ್ವಲ್ಪ ಹಿಂಜರೀತದೆ, ಅಷ್ಟೇ. ಮಂಗಕ್ಕೆ ಯಾವ ಬೇಲಿಯೂ ಲೆಕ್ಕಕ್ಕಿಲ್ಲ.

ಬೆಳೆಸೋದು ಕಷ್ಟ ಅಲ್ಲ. ಪೂರ್ತಿ ಕಪ್ಪಾದ ಹಣ್ಣಿನ ಬೀಜ ತೆಗೆದು, ತೊಳೆದು, ಕೂಡಲೇ ಹಾಕಿ. ಒಣಗಿಸಿಟ್ಟು ಮುಂದಿನ ವರ್ಷ ಹಾಕ್ತೇನೆ ಅಂದ್ರೆ ಹುಟ್ಟೋದು ಅನುಮಾನ. ಕೊಟ್ಟೆಯಲ್ಲಿ ಒಂದು ವರ್ಷ ಬೆಳೆಸಿ, ಮುಂದಿನ ಮಳೆಗೆ ನೆಡಿ. ಬೇಲಿಗಾದ್ರೆ ಎರಡರಿಂದ ಮೂರು ಅಡಿಗೊಂದು; ಹಣ್ಣಿಗೇ ಅಂತಾದ್ರೆ ಎಂಟು ಹತ್ತು ಅಡಿ ಬಿಡಿ. ಬಿಸಿಲು ಬೇಕು, ಅಡಿಕೆ ತೋಟದ ನೆರಳಲ್ಲಿ ಹಾಕಬೇಡಿ. ನೀರು ನಿಲ್ಲಬಾರದು. ಮೊದಲ ಬೇಸಿಗೆ ಒಂದು ನೀರು ಕೊಟ್ಟು ಉಳಿಸಿಕೊಂಡ್ರೆ ಆಮೇಲೆ ಅದು ನಿಮ್ಮನ್ನ ಏನೂ ಕೇಳೋದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಕಾಯಿ ಶುರು. ದೊಡ್ಡ ಕಾಯಿ ಬೇಕು ಅನ್ನೋರಿಗೆ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ್ ಬೋಲ್ಡ್ ತಳಿ ಇದೆ, ಪಂತನಗರದವರ ಪಂತ್ ಮನೋಹರ್, ಪಂತ್ ಸುದರ್ಶನ್ ಇವೆ. ಆದ್ರೆ ಮೊದಲ ಆದ್ಯತೆ ನಿಮ್ಮ ಗುಡ್ಡದ್ದೇ ಒಳ್ಳೇ ಗಿಡಕ್ಕೆ ಇರಲಿ. ಯಾವ ಮಟ್ಟಿಯ ಹಣ್ಣು ಸಿಹಿ ಅಂತ ಊರಿನ ಹಿರಿಯ ಹೆಂಗಸರಿಗೆ ಗೊತ್ತಿರ್ತದೆ, ಕೇಳಿ. ಅವರ ನಂತರ ಅದನ್ನ ಹೇಳೋರು ಸಿಗೋದಿಲ್ಲ.

ತಿನ್ನೋ ವಿಷಯಕ್ಕೆ ಪಾಠ ಬೇಡ. ಎಳೆ ಕಾಯಿಗೆ ಉಪ್ಪಿನಕಾಯಿ, ಚಟ್ನಿ, ಗೊಜ್ಜು. ಹುಣಸೆ ಹಾಕೋ ಕಡೆ ಇದನ್ನೇ ಜಜ್ಜಿ ಹಾಕಬಹುದು. ಕೆಂಪು ತಿರುಗಿದ ಕಾಯಲ್ಲಿ ಪೆಕ್ಟಿನ್ ಚೆನ್ನಾಗಿರ್ತದೆ, ಬೇರೇನೂ ಸೇರಿಸದೆ ಜಾಮ್ ಗಟ್ಟಿಯಾಗ್ತದೆ. ಕಪ್ಪು ಹಣ್ಣು ಹಾಗೇ ಬಾಯಿಗೆ. ಕೊಯ್ಯೋವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಸೊನೆ ಅಂಟೋದಿಲ್ಲ. ಕೊಯ್ದ ಕಾಯನ್ನ ಸ್ವಲ್ಪ ಹೊತ್ತು ಉಪ್ಪುನೀರಲ್ಲಿ ಬಿಡಿ.

"ಮಾರಾಯ, ಇದರಿಂದ ದುಡ್ಡು ಎಷ್ಟು?" ಅಂತ ಒಬ್ಬರಾದ್ರೂ ಕೇಳೇ ಕೇಳ್ತೀರಿ. ದೊಡ್ಡ ದುಡ್ಡಿಲ್ಲ. ಕೊಯ್ಲಿಗೆ ಜನ ಬೇಕು, ಮುಳ್ಳು ಚುಚ್ಚುತದೆ, ಹಣ್ಣು ಎರಡು ದಿನಕ್ಕೆ ಮೆತ್ತಗಾಗ್ತದೆ. ಎಕರೆಗಟ್ಟಲೆ ಹಾಕಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಆದ್ರೆ ಬೇಲಿಸಾಲಿಗೆ ಬೇರೆ ಜಾಗ ಬೇಡ, ಗೊಬ್ಬರ ಬೇಡ, ಔಷಧಿ ಹೊಡೆಯೋದು ಬೇಡ. ತೋಟದ ಪ್ರತಿ ಗಿಡಕ್ಕೂ ರೇಟು ಕೇಳಿಕೊಂಡೇ ನೆಟ್ಟರೆ ಕೊನೆಗೆ ಉಳಿಯೋದು ಒಂದೇ ಬೆಳೆ. ಅದಕ್ಕೆ ಎಲೆಚುಕ್ಕಿ ರೋಗ ಬಂದ್ರೆ ಏನಾಗ್ತದೆ ಅಂತ ಈಚಿನ ವರ್ಷಗಳಲ್ಲಿ ಎಲ್ಲರೂ ನೋಡಿದ್ದೇವೆ.

ಈ ವಾರ ಗುಡ್ಡದಲ್ಲಿ ಇನ್ನೂ ಹಣ್ಣಿದೆ. ಮಕ್ಕಳನ್ನ ಕರಕೊಂಡು ಹೋಗಿ, ತಿನ್ನಿ, ಬೀಜ ಉಗಿಯೋ ಬದಲು ಜೇಬಿಗೆ ಹಾಕಿಕೊಂಡು ಬನ್ನಿ. ಕೊಟ್ಟೆ ತುಂಬಿಸಿಟ್ಟವರು ತಿಳಿಸಿ, ಹೆಚ್ಚಾದ ಸಸಿಯನ್ನ ಮುಂದಿನ ಮಳೆಗೆ ನಮ್ಮ ನಮ್ಮಲ್ಲೇ ಹಂಚಿಕೊಳ್ಳೋಣ.