ಅಜ್ಜನದೂ ವಿದ್ಯೆಯೇ

ಕಳೆದ ರಜೆಯಲ್ಲಿ ಫ್ಲಾರಿಡಾದ ಅಕ್ಕನ ಮನೆಗೆ ಹೋಗಿದ್ದಾಗ, ಭಾವ ಎವರ್‌ಗ್ಲೇಡ್ಸ್‌ನ ಕಾಂಡ್ಲಾ ಕಾಡಿಗೆ ಫ್ಲೈ ಫಿಶಿಂಗ್‌ಗೆ ಕರೆದೊಯ್ದರು. ಸದ್ದಿಗೆ ಮೀನು ಓಡುತ್ತದೆಂದು ಗೈಡ್ ಮೋಟಾರ್ ನಿಲ್ಲಿಸಿ, ದೋಣಿಯ ಹಿಂದಿನ ಅಟ್ಟದ ಮೇಲೆ ನಿಂತು ಉದ್ದನೆಯ ಕೋಲಿನಿಂದ ನೂಕತೊಡಗಿದ. ‘10 ಗಂಟೆಯ ದಿಕ್ಕು, 40 ಅಡಿ’ ಎಂದ. ನನಗೆ ಕಂಡದ್ದು ಬರೀ ಬೇರು, ನೆರಳು. ಪುಕ್ಕ ಕಟ್ಟಿದ ಗಾಳ ಎಸೆದೆಸೆದು ಕೈ ಸೋತ ಮೇಲೆ ಒಂದು ಸ್ನೂಕ್ ಮೀನು ಸಿಕ್ಕಿತು. ಅದನ್ನೂ ನೀರಿಗೇ ಬಿಟ್ಟೆವು.

ಅಲ್ಲಿ ಹಣ ಪಡೆದು ಜನರನ್ನು ದೋಣಿಯಲ್ಲಿ ಒಯ್ಯಲು ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕು. ಅದಿರುವ ಗೈಡ್‌ನನ್ನು ಭಾವ ಕೂಡ ‘ಕ್ಯಾಪ್ಟನ್’ ಎಂದೇ ಕರೆಯುತ್ತಿದ್ದರು.

ಕುಮಟಾದ ನನ್ನಜ್ಜ ಅಘನಾಶಿನಿಯ ಕಾಂಡ್ಲಾ ನಡುವೆ ಬಲೆ ಬೀಸಿ ಮನೆ ಸಾಕಿದವರು. ಉಬ್ಬರ, ಇಳಿತದ ಲೆಕ್ಕ ಅವರ ಬಾಯಲ್ಲೇ ಇತ್ತು. ಕಾಲೇಜಿನಲ್ಲಿ ಕೇಳಿದವರಿಗೆ ಮಾತ್ರ ನಾನು ‘ಅಜ್ಜ ಕೃಷಿಕರು’ ಎಂದಿದ್ದೆ.

ಪ್ಲೇಸ್‌ಮೆಂಟ್ ಸಿಗದಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುವ ನಾವು ಒಮ್ಮೆ ಯೋಚಿಸಬೇಕು. ನೀರನ್ನು ಓದುವುದೂ ವಿದ್ಯೆಯೇ. ಅದಕ್ಕೆ ತರಬೇತಿ, ಲೈಸೆನ್ಸ್, ತಕ್ಕ ಸಂಬಳ ಸಿಕ್ಕರೆ ನಮ್ಮ ಕರಾವಳಿಯ ಹುಡುಗರಿಗೂ ಊರಲ್ಲೇ ಕೆಲಸವಾದೀತು. ಮರ್ಯಾದೆ ಕೊಡುವುದನ್ನಂತೂ ಇಂದೇ ಶುರು ಮಾಡಬಹುದು. ನನ್ನಜ್ಜ ಮೀನುಗಾರರು.