ಉರಿ ಸಣ್ಣ ಮಾಡೋದು ಹ್ಯಾಂಗ?

ಹೋದ ವಾರ ರಾತ್ರಿ ಎಂಟರ ಸುಮಾರಿಗೆ ಆಳಂದದಿಂದ ತಂಗಿ ಫೋನ್ ಮಾಡಿದ್ದಳು. ಹಿಂದೆ ಸಣ್ಣಗೆ ಗುಂಯ್ ಅಂತ ಫ್ಯಾನ್ ಸದ್ದು ಕೇಳ್ತಾ ಇತ್ತು.

"ಅಣ್ಣಾ, ಗುಳಗಿ ಒಲಿ ತಂದೀವಿ. ಉರಿ ಧಗಧಗ ಬರ್ಲಿಕತ್ತದ. ಸಣ್ಣ ಮಾಡೋದು ಹ್ಯಾಂಗ? ಗುಂಡಿ ತಿರುವಿದ್ರ ಹೊಗಿ ಬರ್ತದ, ಬಿಟ್ರ ರೊಟ್ಟಿ ಸುಡ್ತದ."

ಗುಳಗಿ ಒಲಿ ಅಂದರೆ ಪೆಲೆಟ್ ಒಲೆ. ಹೊಲದ ಕಸ, ಕಟ್ಟಿಗೆ ಪುಡಿ ಎಲ್ಲ ಒತ್ತಿ ಬೆರಳು ಗಾತ್ರದ ತುಂಡು ಮಾಡಿರ್ತಾರಲ್ಲ, ಅದನ್ನು ಉರಿಸೋ ಒಲೆ. ನಮ್ಮ ಕಡೆ ಹೆಂಗಸರಿಗೆ ಅದು ದವಾಖಾನೆ ಗುಳಗಿಯ ಹಾಗೆ ಕಂಡಿದೆ. ಹೆಸರು ಚೆನ್ನಾಗಿದೆ :-)

ನಾನೇನು ಒಲೆ ಎಂಜಿನಿಯರ್ ಅಲ್ಲ, ಬೆಂಗಳೂರಿನಲ್ಲಿ ಕೂತು ಕೀಬೋರ್ಡ್ ಕುಟ್ಟುವವನು. ಆದರೂ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತ. ಯಾಕೆಂದರೆ 2008ರಲ್ಲಿ ಜೇವರ್ಗಿ ಕಡೆಯ ನಮ್ಮೂರಿಗೆ ಇಂಥದೇ ಒಂದು ಒಲೆ ಹೊತ್ತುಕೊಂಡು ಹೋಗಿ ಅವ್ವನ ಕೈಲಿ ಬೈಸಿಕೊಂಡವನು ನಾನೇ. ಅದರ ಕಥೆ ಆಮೇಲೆ ಹೇಳ್ತೀನಿ. ಮೊದಲು ತಂಗಿಗೆ ಹೇಳಿದ್ದನ್ನು ಇಲ್ಲಿ ಬರೆದುಬಿಡ್ತೀನಿ, ಇನ್ನೂ ಯಾರಾದರೂ ಹೊಗೆ ಕುಡಿಯುತ್ತಾ ಗುಂಡಿ ತಿರುವುತ್ತಾ ಕೂತಿರಬಹುದು.

ಈ ಒಲೆಯಲ್ಲಿ ಉರಿಯೋದು ಗುಳಗಿ ಅಲ್ಲ, ಗುಳಗಿಯಿಂದ ಹೊರಡೋ ಅನಿಲ. ಡಬ್ಬಿಯ ಮೇಲ್ಭಾಗದಲ್ಲಿ ಬೆಂಕಿ ಹಚ್ಚುತ್ತೇವೆ, ಅದು ನಿಧಾನಕ್ಕೆ ಕೆಳಗೆ ಇಳೀತಾ ಹೋಗುತ್ತೆ. ಫ್ಯಾನಿನ ಗಾಳಿ ಎರಡು ಕಡೆ ಹೋಗುತ್ತೆ. ಒಂದು ಪಾಲು ತಳದಿಂದ ಬಂದು ಗುಳಗಿಯನ್ನು ಕಾಯಿಸಿ ಅನಿಲ ಎಬ್ಬಿಸುತ್ತೆ. ಇನ್ನೊಂದು ಪಾಲು ಮೇಲಿನ ಸಣ್ಣ ತೂತುಗಳಿಂದ ಬಂದು ಆ ಅನಿಲವನ್ನು ಸುಡುತ್ತೆ. ಗುಂಡಿ ತಿರುವಿದರೆ ಕಮ್ಮಿ ಆಗೋದು ಗಾಳಿ, ಬೆಂಕಿಯಲ್ಲ. ಕಾದ ಗುಳಗಿ ತಕ್ಷಣ ತಣ್ಣಗಾಗೋದಿಲ್ಲ, ಅನಿಲ ಬಿಡ್ತಾನೇ ಇರುತ್ತೆ. ಸುಡೋದಕ್ಕೆ ಮೇಲೆ ಗಾಳಿ ಸಾಲದೆ ಅದು ಹೊಗೆಯಾಗಿ ಮೂಗಿಗೆ ಬರುತ್ತೆ. ತಂಗಿಗೆ ಆಗಿದ್ದು ಇದೇ. ಗುಂಡಿಯನ್ನು ಒಂದೇ ಸಲ ತಳಕ್ಕೆ ತಿರುವಬಾರದು. ಸ್ವಲ್ಪ ಇಳಿಸಿ ಎರಡು ಮೂರು ನಿಮಿಷ ಬಿಡಬೇಕು, ಉರಿ ತಾನೇ ಕುಗ್ಗುತ್ತೆ. ಆಮೇಲೆ ಬೇಕಾದರೆ ಇನ್ನಷ್ಟು.

ಇನ್ನೊಂದು ಮಾತು. ಈ ಒಲೆಯಲ್ಲಿ ಉರಿಯ ಅರ್ಧ ಹಿಡಿತ ಇರೋದು ತುಂಬುವಾಗಲೇ. ಅವ್ವನ ಒಲೆಗೆ ಒಂದು ಸಲಕ್ಕೆ ಸುಮಾರು 600 ಗ್ರಾಂ ಗುಳಗಿ ಹಿಡೀತಿತ್ತು, ಅದು ಹೆಚ್ಚು ಕಮ್ಮಿ ಒಂದು ತಾಸು ಉರಿಯೋದು. ಬರೀ ಚಹಾ, ಒಂದಿಷ್ಟು ಅನ್ನ ಅಂದರೆ ಅರ್ಧ ತುಂಬಿದರೆ ಸಾಕು. ನಡುವೆ ಆರಿಸೋಕೂ ಆಗಲ್ಲ, ನಡುವೆ ಹಾಕೋಕೂ ಆಗಲ್ಲ. ಉರಿಯುವ ಕೆಂಡದ ಮೇಲೆ ಹಸಿ ಗುಳಗಿ ಸುರಿದರೆ ಅಡುಗೆಮನೆ ತುಂಬ ಹೊಗೆ. ಮಳೆಗಾಲದಲ್ಲಿ ಗುಳಗಿ ತೇವ ಹಿಡಿದರಂತೂ ಯಾವ ಗುಂಡಿಯೂ ಕೆಲಸ ಮಾಡಲ್ಲ, ಹಾಗಾಗಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲೇ ಇಡಬೇಕು. ಕೊನೆಗೆ ಉರಿ ಗಿಡ್ಡ ಆಗಿ ನೀಲಿಗೆ ತಿರುಗಿತು ಅಂದರೆ ಒಳಗೆ ಬರೀ ಕೆಂಡ ಉಳಿದಿದೆ ಅಂತ. ಆಗ ಕಣ್ಣಿಗೆ ಹೊಗೆ ಕಾಣೋದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಇರೋದು ಆಗಲೇ. ಚಳಿ ಅಂತ ಆ ಒಲೆಯನ್ನು ಮಲಗೋ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ, ದಯವಿಟ್ಟು.

ಇಷ್ಟು ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಎಲ್ಲಾ ಖರೇ ಅಣ್ಣಾ, ಆದ್ರ ರೊಟ್ಟಿ?" ಅಂದಳು.

ಅಲ್ಲಿಗೆ ನನ್ನ ಪಾಂಡಿತ್ಯ ಮುಗೀತು!

2008ರ ಕಥೆಗೆ ಬರ್ತೀನಿ. ಅವ್ವನಿಗೆ ಆ ಹೊತ್ತಿಗೆ ಕೆಮ್ಮು ಶುರುವಾಗಿ ಎರಡು ವರ್ಷ. ಕಲಬುರಗಿಯಲ್ಲಿ (ಆಗಿನ್ನೂ ಗುಲ್ಬರ್ಗ) ತೋರಿಸಿದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಬೀಡಿ ಸೇದ್ತೀರೇನಮ್ಮ?" ಅಂತ. ಅವ್ವ ಸಿಟ್ಟಿನಿಂದ ನನ್ನ ಮುಖ ನೋಡಿದ್ದಳು. ಒಲೆ ಹೊಗೆ ಬಿಡಿ ಅಂತ ಅವರು ಹೇಳಿದ ಮೇಲೆ ನಾನು ಎಲ್ಲೆಲ್ಲೋ ವಿಚಾರಿಸಿ ಪೆಲೆಟ್ ಒಲೆ ತಂದೆ. ಮೊದಲ ದಿನ ಹಾಲು ಕಾಯಿಸಿದಳು, ಬ್ಯಾಳಿ ಕುದಿಸಿದಳು. ಪಾತ್ರೆ ತಳಕ್ಕೆ ಮಸಿ ಹತ್ತಲಿಲ್ಲ ಅಂತ ಓಣಿಯವರಿಗೆಲ್ಲ ತೋರಿಸಿದಳು. ನಾನು ಬೀಗುತ್ತಾ ಬೆಂಗಳೂರಿಗೆ ವಾಪಸ್ ಬಂದೆ. ನಾಲ್ಕು ತಿಂಗಳು ಬಿಟ್ಟು ಹೋದರೆ ಆ ಒಲೆ ಅಟ್ಟದ ಮೇಲಿತ್ತು, ಒಳಗೆ ಬಳ್ಳೊಳ್ಳಿ ಗಡ್ಡೆ ತುಂಬಿಟ್ಟಿದ್ದಳು.

ನಾನು ಕೂಗಾಡಿದೆ. ಹಳ್ಳಿ ಹೆಂಗಸರಿಗೆ ಎಷ್ಟು ಹೇಳಿದರೂ ಅಷ್ಟೇ, ಹೊಸದಕ್ಕೆ ಹೊಂದಿಕೊಳ್ಳೋದಿಲ್ಲ ಅಂತ ಏನೇನೋ ಅಂದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಅವ್ವ ವಾದ ಮಾಡಲಿಲ್ಲ. ಒಲೆ ಕೆಳಗಿಳಿಸಿ, ಗುಳಗಿ ತುಂಬಿ, ಹಚ್ಚಿ, ಜೋಳದ ಹಿಟ್ಟಿನ ಬುಟ್ಟಿ ನನ್ನ ಮುಂದೆ ಇಟ್ಟಳು. "ನೀನೇ ಬಡಿ ತಮ್ಮಾ" ಅಂದಳು.

ಬಡಿಯೋಕೆ ನನಗೆ ಬರಲಿಲ್ಲ, ಅವಳೇ ಬಡಿದು ಕೊಟ್ಟಳು. ನಾನು ಬೇಯಿಸಿದೆ. ಉರಿ ಡಬ್ಬಿಯ ನಡುವಿನಿಂದ ನೇರ ಮೇಲೆ ನುಗ್ಗಿ ಹಂಚಿನ ನಟ್ಟ ನಡುವೆ ಬಡೀತಿತ್ತು. ರೊಟ್ಟಿ ನಡುವೆ ಕರಕಲು, ಅಂಚು ಹಸಿ. ಗುಂಡಿ ಇಳಿಸಿದೆ. ಆ ಒಲೆಯ ಗುಂಡಿಗೆ ಇದ್ದದ್ದೇ ಎರಡು ಮೆಟ್ಟಿಲು, ದೊಡ್ಡದು ಮತ್ತು ಸಣ್ಣದು. ಸಣ್ಣದಕ್ಕೆ ಇಳಿಸಿದರೆ ಹಂಚು ತಣ್ಣಗಾಗಿ, ನೀರು ಸವರಿದ ರೊಟ್ಟಿ ಹಂಚಿಗೇ ಅಂಟಿಕೊಂಡಿತು. ಮತ್ತೆ ಏರಿಸಿದೆ, ಮತ್ತೆ ಕರಕಲು. ಹದಿನೈದನೇ ರೊಟ್ಟಿ ಹೊತ್ತಿಗೆ ಗುಳಗಿಯೇ ಮುಗೀತು. ಸುಗ್ಗಿಯ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂವತ್ತು ನಲವತ್ತು ರೊಟ್ಟಿ ಆಗಬೇಕು.

ಅವತ್ತು ಸಂಜೆ ಅವ್ವ ತನ್ನ ಮಣ್ಣಿನ ಒಲೆ ಮುಂದೆ ಕೂತಿದ್ದನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಮೂವತ್ತು ವರ್ಷ ಅವಳ ರೊಟ್ಟಿ ತಿಂದಿದ್ದೆ, ನೋಡಿರಲಿಲ್ಲ. ಬಲಗೈ ರೊಟ್ಟಿ ಬಡೀತಿದ್ದರೆ ಎಡಗೈ ನಡುನಡುವೆ ಕಟಗಿಯನ್ನು ಎರಡು ಬೆರಳಷ್ಟು ಒಳಗೆ ದೂಡುತ್ತೆ, ನಾಲ್ಕು ಬೆರಳಷ್ಟು ಹೊರಗೆ ಎಳೆಯುತ್ತೆ. ಹಂಚು ಕಾಯೋವಾಗ ಉರಿ ಅಗಲಕ್ಕೆ ಹರಡಿರುತ್ತೆ. ರೊಟ್ಟಿ ಹಾಕಿ ಮೇಲೆ ನೀರಿನ ಬಟ್ಟೆ ಸವರುವಾಗ ಹದಕ್ಕೆ ಇಳಿದಿರುತ್ತೆ. ತಿರುವಿ ಹಾಕಿದ ಮೇಲೆ ಒಲೆ ಬಾಯಿಗೆ ಎಳೆದಿಟ್ಟ ಕೆಂಡದ ಮುಂದೆ ಆನಿಸಿ ನಿಲ್ಲಿಸಿದರೆ ರೊಟ್ಟಿ ಪುಗ್ಗೆ ಹಾಗೆ ಉಬ್ಬುತ್ತೆ. ಪಕ್ಕದ ಕೋಡೊಲೆಯಲ್ಲಿ ಅದೇ ಉರಿಯ ಬಾಲ ಹಿಡಿದು ಪುಂಡಿಪಲ್ಯ ಕುದೀತಿರುತ್ತೆ. ಅಂದರೆ ಒಂದೇ ಒಲೆಯಲ್ಲಿ ಒಂದೇ ಹೊತ್ತಿಗೆ ಮೂರು ಉರಿ! ನನ್ನ ಆಧುನಿಕ ಒಲೆಯಲ್ಲಿ ಇದ್ದದ್ದು ಎರಡು, ಅದೂ ಒಂದಾದ ಮೇಲೆ ಒಂದು. ಕೆಂಡ ಡಬ್ಬಿಯ ತಳದಲ್ಲಿ ಬಂದಿ, ಕೈಗೇ ಸಿಗಲ್ಲ.

ಕಟಗಿ ಅಂದೆನಲ್ಲ, ಅದೂ ಒಂದೇ ಥರ ಅಲ್ಲ. ತೊಗರಿ ಕೊಯ್ದು ರಾಶಿ ಮಾಡಿದ ಮೇಲೆ ಉಳಿಯೋ ತೊಗರಿ ಕಟಗಿ ನಮ್ಮ ಮೂರೂ ತಾಲ್ಲೂಕಿನ ಮುಖ್ಯ ಉರುವಲು. ನಮ್ಮ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಗಿಡದ ಕಟಗಿ ಎಷ್ಟು ಮನೆ ಒಲೆ ಉರಿಸುತ್ತೆ ಅಂತ ಮಾತ್ರ ಯಾರೂ ಬರೆಯಲ್ಲ. ತೊಗರಿ ಕಟಗಿ ಬೇಗ ಹತ್ತುತ್ತೆ, ಜೋರಾಗಿ ಉರಿಯುತ್ತೆ, ಬೇಗ ಮುಗಿಯುತ್ತೆ. ಜೇವರ್ಗಿ ಕಡೆ ಹತ್ತಿ ಕಟಗಿಯೂ ಸಿಗುತ್ತೆ, ಅದು ಸ್ವಲ್ಪ ತಡೆದು ಉರಿಯುತ್ತೆ. ಅಫಜಲಪುರದಲ್ಲಿ ಸೋದರಮಾವನ ಮನೆ, ಅಲ್ಲಿ ಭೀಮಾ ದಂಡೆಯ ಕಬ್ಬು. ಒಣ ರವದಿ ಹಾಕಿದರೆ ಭರ್ರನೆ ಹತ್ತಿ ಅಷ್ಟೇ ಬೇಗ ಬೂದಿ. ಅತ್ತಿ ಅದನ್ನು ಹಚ್ಚೋದಕ್ಕೆ ಮಾತ್ರ ಬಳಸ್ತಾಳೆ. ಕೆಂಡ ಬೇಕೆಂದರೆ ಜಾಲಿ ಕಟಗಿ, ಹಾಲು ಕೆನೆಗಟ್ಟಲು ಕುಳ್ಳು. ಯಾವುದಕ್ಕೆ ಯಾವ ಉರಿ ಅನ್ನೋದು ಅವರ ಕೈಗೆ ಗೊತ್ತು. ಅದನ್ನೆಲ್ಲ ಪುಡಿ ಮಾಡಿ, ಒಂದೇ ಗಾತ್ರದ ಗುಳಗಿ ಮಾಡಿ, ಒಂದು ಗುಂಡಿ ಕೊಟ್ಟು "ತಗೋ" ಅಂದರೆ ಹೇಗೆ?

ಹಾಗಂತ ನಾನು ಮಣ್ಣಿನ ಒಲೆಯ ಭಜನೆ ಮಾಡ್ತಾ ಇಲ್ಲ. ಅವ್ವನ ಕೆಮ್ಮು ಹೋಗಿಲ್ಲ. ನಮ್ಮೂರಲ್ಲಿ ಬೀಡಿ ಮುಟ್ಟದೆ ಉಬ್ಬಸ ಬಂದ ಹೆಂಗಸರನ್ನು ಎಣಿಸಿದರೆ ನನ್ನ ಎರಡು ಕೈ ಬೆರಳು ಸಾಲಲ್ಲ. ಆ ಹೊಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರೋದು ಹೊಗೆ ತೆಗೆಯೋ ನೆಪದಲ್ಲಿ ಉರಿಯ ಹಿಡಿತವನ್ನೇ ಅವರ ಕೈಯಿಂದ ಕಿತ್ತುಕೊಳ್ಳೋದರ ಬಗ್ಗೆ.

ನಮ್ಮವರು ಇದನ್ನು ಯೋಚಿಸಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಹೊಗೆ ಕೊಳವೆ ಇದ್ದ, ಮೂರು ಪಾತ್ರೆ ಇಡುವ ಒಲೆ. ಅದರಲ್ಲಿ ಕಟ್ಟಿಗೆ ಕಟ್ಟಿಗೆಯಾಗಿಯೇ ಉಳಿದಿತ್ತು, ದೂಡೋದು ಎಳೆಯೋದು ಅಡುಗೆ ಮಾಡುವವಳ ಕೈಲೇ ಇತ್ತು. ಫ್ಯಾನಿನ ಪೆಲೆಟ್ ಒಲೆಯ ಹಿಂದೆಯೂ ಅದೇ ಸಂಸ್ಥೆ ಇದೆ. ಪ್ರೊ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರ ಕೆಲಸದಿಂದ ಬಂದ ಒಲೆಯನ್ನು ಬಿಪಿ ಕಂಪನಿ ಊರ್ಜಾ ಅನ್ನೋ ಹೆಸರಲ್ಲಿ 2006ರಿಂದ ಮಾರಿತು. 2009ರಲ್ಲಿ ಆ ವ್ಯವಹಾರ ಪುಣೆಯ ಫಸ್ಟ್ ಎನರ್ಜಿಗೆ ಹೋಯಿತು. ನಾಲ್ಕು ಲಕ್ಷದಷ್ಟು ಒಲೆ ಮಾರಾಟವಾದವು. ಕಮ್ಮಿ ಸಾಧನೆ ಅಲ್ಲ ಅದು. ಆದರೆ ಹೊಲದ ಕಸಕ್ಕೆ ಬೇರೆ ಗಿರಾಕಿಗಳು ಹುಟ್ಟಿಕೊಂಡರು, ಪೆಲೆಟ್ ದರ ಏರಿತು, ಮನೆಗಳಲ್ಲಿ ಒಲೆಗಳು ಮೂಲೆ ಸೇರಿದವು, ಕಂಪನಿ ಹೋಟೆಲ್ ಅಡುಗೆಮನೆಗಳ ಕಡೆ ಮುಖ ಮಾಡಿತು. ಹೋಟೆಲ್‌ನಲ್ಲಿ ದೊಡ್ಡ ಪಾತ್ರೆ, ತಾಸುಗಟ್ಟಲೆ ಒಂದೇ ಉರಿ. ಈ ಒಲೆಗೆ ಒಪ್ಪೋ ಕೆಲಸವೇ ಅದು.

ಇಲ್ಲಿ ಇನ್ನೊಂದು ಸಂಕಟ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜತೆ ಬೆಳೆ ಕಸದ ಪೆಲೆಟ್ ಬೆರೆಸಿ ಉರಿಸಬೇಕು ಅಂತ ನೀತಿ ತಂದಿತು. ಒಳ್ಳೆಯದೇ, ಹೊಲದಲ್ಲಿ ಸುಮ್ಮನೆ ಬೆಂಕಿ ಇಡೋದಕ್ಕಿಂತ ವಾಸಿ. ಆದರೆ ನಮ್ಮೂರಲ್ಲಿ ತೊಗರಿ ಕೊಯ್ಯಲು ಬಂದ ಹೆಣ್ಣುಮಕ್ಕಳು ಸಂಜೆ ತಲೆಮೇಲೆ ಒಂದು ಹೊರೆ ಕಟಗಿ ಹೊತ್ತು ಹೋಗ್ತಾರೆ, ಯಾರೂ ಬೇಡ ಅನ್ನಲ್ಲ. ನಾಳೆ ಆ ಹೊರೆಗೆ ಕ್ವಿಂಟಲ್ ಲೆಕ್ಕದಲ್ಲಿ ದರ ಬಂದರೆ ಹೊಲದ ಮಾಲೀಕ ಬಿಟ್ಟಾನೆಯೇ? ಪುಕ್ಕಟೆ ಸಿಗುತ್ತಿದ್ದ ಕಟಗಿ ಗುಳಗಿಯಾಗಿ, ಚೀಲದಲ್ಲಿ, ರೊಕ್ಕಕ್ಕೆ ವಾಪಸ್ ಬರುತ್ತೆ. ಗ್ಯಾಸ್ ಇದೆಯಲ್ಲ ಅಂತೀರಾ? ಇದೆ. 2016ರ ಉಜ್ವಲಾ ಯೋಜನೆಯಿಂದ ನಮ್ಮ ಓಣಿಯಲ್ಲೂ ಸಿಲಿಂಡರ್ ಬಂದಿದೆ. ಚಹಾಕ್ಕೆ, ಬ್ಯಾಳಿಗೆ, ನೆಂಟರು ಬಂದಾಗ ಉಪ್ಪಿಟ್ಟಿಗೆ. ದಿನಾ ಮೂವತ್ತು ರೊಟ್ಟಿ ಗ್ಯಾಸಿನ ಮೇಲೆ ಬೇಯಿಸಿದರೆ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತೆ ಅನ್ನೋ ಲೆಕ್ಕ ನಮ್ಮೂರ ಹೆಂಗಸರಿಗೆ ಬಾಯಿಪಾಠ.

ನನ್ನನ್ನು ಕೇಳಿದರೆ, ನಮ್ಮ ಕಡೆಗೆ ಒಲೆ ಮಾಡುವವರು ನೀರು ಕಾಯಿಸಿ ಪರೀಕ್ಷೆ ಮಾಡೋದನ್ನು ಬಿಡಬೇಕು. ಅಷ್ಟು ಲೀಟರ್ ನೀರು ಎಷ್ಟು ನಿಮಿಷದಲ್ಲಿ ಕುದಿಯಿತು, ಎಷ್ಟು ಉರುವಲು ಖರ್ಚಾಯ್ತು ಅಂತ ಅಳೀತಾರೆ. ನಾವು ನೀರು ಉಣ್ತೀವಾ? ಮೂವತ್ತು ಜೋಳದ ರೊಟ್ಟಿ ಬೇಯಿಸಿ ತೋರಿಸಲಿ. ಅಂಚು ಬೇಯಬೇಕು, ನಡುವೆ ಸುಡಬಾರದು. ಗುಳಗಿಯೇ ಬೇಕು ಅಂತಿಲ್ಲದೆ ಗೇಣುದ್ದ ಕಡಿದ ತೊಗರಿ ಕಟಗಿ ಹಾಕೋ ಹಾಗಿರಲಿ, ಅದೂ ನಡುವೆ ಹಾಕೋ ಹಾಗೆ. ಗುಂಡಿ ಎರಡು ಮೆಟ್ಟಿಲಿನದಲ್ಲ, ರೇಡಿಯೋ ವಾಲ್ಯೂಮ್ ಥರ ತಿರುಗಲಿ. ಆಮೇಲೆ ಹೊಂದಿಕೊಳ್ಳದಿದ್ದರೆ ನಮ್ಮ ಹೆಂಗಸರನ್ನು ಬೈಯೋಣ.

ತಂಗಿಗೆ ಸದ್ಯಕ್ಕೆ ಒಂದು ಉಪಾಯ ಹೇಳಿದ್ದೀನಿ. ಗುಳಗಿ ಒಲೆಯ ಮೇಲೆ ಎರಡು ಬೆರಳು ಎತ್ತರದ ಕಬ್ಬಿಣದ ಬಳೆ ಮಾಡಿಸಿ ಅದರ ಮೇಲೆ ದಪ್ಪ ಹಂಚು ಇಡು, ಉರಿ ಸ್ವಲ್ಪ ಹರಡುತ್ತೆ, ನಡುವೆ ಸುಡೋದು ಕಮ್ಮಿ ಆಗುತ್ತೆ ಅಂತ. ಬಳೆಗೆ ನಾಲ್ಕು ಕಡೆ ಗಾಳಿ ಆಡಲು ತೂತು ಬಿಡಿಸು ಅಂತಲೂ ಹೇಳಿದೆ. ಆಳಂದದಲ್ಲಿ ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟಿದ್ದಾನಂತೆ. ಮೊನ್ನೆ ಹತ್ತು ರೊಟ್ಟಿ ಚೆನ್ನಾಗಿ ಬಂದವು, ಹನ್ನೊಂದನೇದಕ್ಕೆ ಉರಿ ಸೋತಿತು ಅಂದಳು.

ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ತಮ್ಮಾ, ಅಟ್ಟದ ಮ್ಯಾಲಿನ ಆ ಒಲ್ಯಾಗಿನ ಫ್ಯಾನ್ ಇನ್ನೂ ತಿರಗ್ತದೇನು? ತಿರಗಿದ್ರ ಅದನ್ನ ಬಿಚ್ಚಿ ನನ್ನ ಮಣ್ಣಿನ ಒಲಿಗಿ ಹಚ್ಚಿಕೊಡು. ಊದುಗೊಳವಿ ಊದಿ ಊದಿ ದಮ್ಮ ಹತ್ತಲಿಕತ್ತದ. ಗುಂಡಿ ಮಾತ್ರ ನನ್ನ ಎಡಗೈ ಕಡಿ ಇರ್ಲಿ."

ಹದಿನೈದು ವರ್ಷಕ್ಕೂ ಹಳೆಯ ಫ್ಯಾನು, ಬ್ಯಾಟರಿಯಂತೂ ಸತ್ತಿರುತ್ತೆ. ಒಲೆ ಗೋಡೆಯಲ್ಲಿ ಎಲ್ಲಿ ತೂತು ಕೊರೆಯಬೇಕು, ತಳದಲ್ಲೋ ಮೇಲೋ, ಇನ್ನೂ ಗೊತ್ತಾಗಿಲ್ಲ. ಬರುವ ಎಳ್ಳಮಾವಾಸ್ಯೆಗೆ ಹೋಗುವಾಗ ಹೊಸ ಬ್ಯಾಟರಿ, ಒಂದು ರೆಗ್ಯುಲೇಟರ್ ತಗೊಂಡು ಹೋಗ್ತಾ ಇದ್ದೀನಿ. ಯಾರಾದರೂ ಮಣ್ಣಿನ ಒಲೆಗೆ ಹೀಗೆ ಫ್ಯಾನ್ ಕೂಡಿಸಿದ್ದರೆ ದಯವಿಟ್ಟು ತಿಳಿಸಿ, ಅವ್ವನ ಕೈಲಿ ಮತ್ತೊಮ್ಮೆ ಬೈಸಿಕೊಳ್ಳೋ ಧೈರ್ಯ ನನಗಿಲ್ಲ :-)